ಚಡಾವಿನಿಂದ ಶುರುವಾಗುವ ಲೆಕ್ಕ: ಮನೆಯಲ್ಲೇ ಕಟ್ಟುವ ಎಲೆಕ್ಟ್ರಿಕ್ ಸೈಕಲ್

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆಯ ಮನೆಗಳು ಹೆಚ್ಚಾಗಿ ಗುಡ್ಡೆಯ ಬುಡದಲ್ಲಿ, ಅಡಿಕೆ ತೋಟದ ಅಂಚಿನಲ್ಲಿರುತ್ತವೆ. ಬಸ್ಸು ಹೋಗುವ ರಸ್ತೆ ಗುಡ್ಡೆಯ ಮೇಲಿರುತ್ತದೆ. ಮನೆಯ ಅಂಗಳದಿಂದ ಆ ರಸ್ತೆಯನ್ನು ಮುಟ್ಟುವ ಅರ್ಧ ಕಿಲೋಮೀಟರಿನ ಚಡಾವೇ ನಮ್ಮಲ್ಲಿ ಎಷ್ಟೋ ಸೈಕಲ್ಲುಗಳನ್ನು ಕೊಟ್ಟಿಗೆಯ ಮೂಲೆ ಸೇರಿಸಿದೆ. ಇಳಿಯುವುದು ಎರಡು ನಿಮಿಷದ ಸುಖ, ಹತ್ತುವುದು ಬೆವರು ಸುರಿಸಿ ತಳ್ಳುವ ಕಷ್ಟ. ಸೈಕಲ್ಲಿಗೆ ಮೋಟಾರು ಕೂರಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ವಾಟಿನ ಮೋಟಾರು?’ ಎಂಬುದು. ನಾನೂ ಅಲ್ಲಿಂದಲೇ ಆರಂಭಿಸಿ, ಒಂದು ಬ್ಯಾಟರಿಯನ್ನು ಹಾಳುಮಾಡಿಕೊಂಡ ಮೇಲೆ, ಗುಡ್ಡೆಯ ಊರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ನನ್ನ ಚಡಾವು ಎಷ್ಟು?’ ಎಂಬುದೇ ಎಂದು ತಿಳಿದುಕೊಂಡೆ. ಮೋಟಾರು, ಬ್ಯಾಟರಿ, ಬ್ರೇಕು ಮೂರೂ ಆ ಒಂದು ಸಂಖ್ಯೆಯನ್ನು ಹಿಡಿದು ನಿರ್ಧಾರವಾಗುತ್ತವೆ.

ಚಡಾವನ್ನು ಅಳೆಯಲು ವಿಶೇಷ ಉಪಕರಣವೇನೂ ಬೇಡ. ಮನೆ ಕಟ್ಟುವ ಮೇಸ್ತ್ರಿಗಳು ಪಾಯ ಸಮ ಮಾಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಸಾಕು. ದಾರಿಯ ಅತ್ಯಂತ ಕಡಿದಾದ ಭಾಗದಲ್ಲಿ 10 ಮೀಟರ್ ಅಂತರದಲ್ಲಿ ಎರಡು ಕೋಲುಗಳನ್ನು ನೆಟ್ಟು, ಪೈಪಿನ ಎರಡೂ ತುದಿಗಳಲ್ಲಿ ನೀರು ನಿಲ್ಲುವ ಮಟ್ಟವನ್ನು ಕೋಲುಗಳ ಮೇಲೆ ಗುರುತು ಮಾಡಿ, ಗುರುತಿನಿಂದ ನೆಲದವರೆಗಿನ ಎತ್ತರವನ್ನು ಎರಡೂ ಕಡೆ ಅಳೆಯಬೇಕು. ವ್ಯತ್ಯಾಸ 80 ಸೆಂಟಿಮೀಟರ್ ಬಂದರೆ ಅದು ಶೇ. 8ರ ಏರು. ನನ್ನ ಮನೆಯ ದಾರಿಯಲ್ಲಿ ನನಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಮುಂದಿನ ಲೆಕ್ಕಗಳಿಗೆಲ್ಲ ಅದನ್ನೇ ಇಟ್ಟುಕೊಳ್ಳುತ್ತೇನೆ.

ಸವಾರ 65 ಕಿಲೋ, ಮೋಟಾರು ಮತ್ತು ಬ್ಯಾಟರಿ ಸೇರಿದ ಸೈಕಲ್ 25 ಕಿಲೋ, ಹಿಂದಿನ ಕ್ಯಾರಿಯರಿನಲ್ಲಿ 20 ಕಿಲೋ ಸಾಮಾನು, ಒಟ್ಟು 110 ಕಿಲೋ ಎಂದಿರಲಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಟಯರು ಮತ್ತು ರಸ್ತೆಯ ನಡುವಿನ ಎಳೆತಕ್ಕೆ ಸುಮಾರು 11 ನ್ಯೂಟನ್, ಗಾಳಿಯ ತಡೆಗೆ ಮತ್ತೆ ಸುಮಾರು 11 ನ್ಯೂಟನ್ ಬಲ ಬೇಕಾಗುತ್ತದೆ. ಈ 22 ನ್ಯೂಟನ್ ಬಲವನ್ನು ವೇಗದಿಂದ, ಅಂದರೆ ಸೆಕೆಂಡಿಗೆ 5.6 ಮೀಟರಿನಿಂದ, ಗುಣಿಸಿದರೆ 120 ವಾಟಿನ ಆಸುಪಾಸಿನ ಶಕ್ತಿ ಬರುತ್ತದೆ. ಆರೋಗ್ಯವಂತ ಮನುಷ್ಯ ಪೆಡಲ್ ತುಳಿದೇ ಸ್ವಲ್ಪ ಹೊತ್ತು ಇಷ್ಟನ್ನು ಕೊಡಬಲ್ಲ. ಶೇ. 8ರ ಚಡಾವಿನಲ್ಲಾದರೋ ಭೂಮಿಯ ಸೆಳೆತವೊಂದೇ 86 ನ್ಯೂಟನ್ ಹಿಂದಕ್ಕೆ ಎಳೆಯುತ್ತದೆ. ಅದೇ 20ರ ವೇಗದಲ್ಲಿ ಹತ್ತಬೇಕೆಂದರೆ 600 ವಾಟ್ ಬೇಕು. ವೇಗವನ್ನು 12ಕ್ಕೆ ಇಳಿಸಿದರೆ ಸುಮಾರು 340 ವಾಟ್ ಸಾಕು. ಅದರಲ್ಲಿ 100 ವಾಟನ್ನು ಸವಾರ ಕಾಲಿನಿಂದ ಕೊಟ್ಟರೆ ಮೋಟಾರಿನ ಪಾಲಿಗೆ ಉಳಿಯುವುದು 240 ವಾಟ್. ಅಂದರೆ 250 ವಾಟಿನ ಸಣ್ಣ ಮೋಟಾರು ನಮ್ಮ ಗುಡ್ಡೆಯನ್ನು ಹತ್ತಬಲ್ಲದು, ಆದರೆ ಸವಾರ ಪೆಡಲ್ ತುಳಿಯಬೇಕು ಮತ್ತು ವೇಗದ ಆಸೆಯನ್ನು ಬಿಡಬೇಕು.

ಮೋಟಾರುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಚಕ್ರದ ನಡುಭಾಗವಾದ ಹಬ್ಬಿನಲ್ಲೇ ಮೋಟಾರನ್ನು ಅಡಗಿಸುವುದು ಹೊಸ ಆಲೋಚನೆಯೇನಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬವರಿಗೆ 1895ರ ಡಿಸೆಂಬರ್ 31ರಂದು ದೊರೆತ ಪೇಟೆಂಟಿನ ಚಿತ್ರದಲ್ಲಿಯೇ ಹಿಂದಿನ ಚಕ್ರದೊಳಗೆ ಮೋಟಾರು, ಚೌಕಟ್ಟಿನ ನಡುವೆ ಬ್ಯಾಟರಿ ಇದೆ. ಈಗಿನ ಹಬ್ ಮೋಟಾರುಗಳಲ್ಲಿ ನೇರವಾಗಿ ತಿರುಗುವುದು ಒಂದು ಬಗೆ. ಅದರಲ್ಲಿ ಮೋಟಾರಿನ ಹೊರಕವಚವೇ ಚಕ್ರದ ಹಬ್ಬಾಗಿರುವುದರಿಂದ ಚಕ್ರ ಒಂದು ಸುತ್ತು ಬಂದರೆ ಮೋಟಾರೂ ಒಂದೇ ಸುತ್ತು ಬರುತ್ತದೆ. ಇನ್ನೊಂದು, ಒಳಗೆ ಗಿಯರುಗಳಿರುವ ಹಬ್. ಅದರಲ್ಲಿ ಮೋಟಾರು ಸುಮಾರು ಐದು ಸುತ್ತು ಬಂದಾಗ ಚಕ್ರ ಒಂದು ಸುತ್ತು ಬರುತ್ತದೆ. 26 ಇಂಚಿನ ಚಕ್ರ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 200 ಸುತ್ತು ತಿರುಗುವಾಗ ಒಳಗಿನ ಮೋಟಾರು 1,000 ಸುತ್ತು ತಿರುಗುತ್ತಿರುತ್ತದೆ. ಇದರಿಂದ ಚಿಕ್ಕ, ಹಗುರ ಮೋಟಾರಿನಿಂದಲೂ ಚಕ್ರಕ್ಕೆ ಹೆಚ್ಚು ತಿರುಚುಬಲ ಸಿಗುತ್ತದೆ. ಮೂರನೆಯದು ಪೆಡಲಿನ ಬಳಿ ಕೂರುವ ನಡು ಮೋಟಾರು. ಅದು ಚೈನಿನ ಮೂಲಕ ಎಳೆಯುವುದರಿಂದ ಸೈಕಲ್ಲಿನ ಗಿಯರುಗಳ ಲಾಭವನ್ನೂ ಪಡೆಯುತ್ತದೆ. ಗುಡ್ಡೆಗೆ ಇದೇ ಉತ್ತಮ, ಆದರೆ ಬೆಲೆ ಹೆಚ್ಚು, ಚೈನು ಬೇಗ ಸವೆಯುತ್ತದೆ, ಕೂರಿಸುವುದೂ ನಾಜೂಕಿನ ಕೆಲಸ. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಗಿಯರುಳ್ಳ ಹಿಂದಿನ ಹಬ್ ಮೋಟಾರನ್ನು. ನೇರ ಹಬ್ಬು ಮಂಜೇಶ್ವರದಿಂದ ಕುಂಬಳೆಯ ತನಕದ ಕರಾವಳಿಯ ಸಪಾಟು ದಾರಿಗಳಿಗೆ ಚೆನ್ನಾಗಿದೆ, ಒಳನಾಡಿನ ಗುಡ್ಡೆಗಳಿಗೆ ಹೇಳಿದ್ದಲ್ಲ.

ಇಲ್ಲಿ ಹೆಚ್ಚಿನವರು ತಪ್ಪಾಗಿ ತಿಳಿದಿರುವ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಚಡಾವಿನಲ್ಲಿ ಮೆಲ್ಲನೆ ಹೋದರೆ ಮೋಟಾರು ಬಿಸಿಯಾಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಮೋಟಾರಿನೊಳಗಿನ ತಾಮ್ರದ ಸುರುಳಿ ಬಿಸಿಯಾಗುವುದು ಅದರಲ್ಲಿ ಹರಿಯುವ ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಆ ಕರೆಂಟನ್ನು ನಿರ್ಧರಿಸುವುದು ವೇಗವಲ್ಲ, ಮೋಟಾರು ಎಳೆಯಬೇಕಾದ ಬಲ. ಒಂದೇ ಚಡಾವನ್ನು 12ರ ವೇಗದಲ್ಲಿ ಹತ್ತಿದರೂ 6ರ ವೇಗದಲ್ಲಿ ಹತ್ತಿದರೂ ಮೋಟಾರಿನಿಂದ ಕೇಳುವ ಬಲ ಹೆಚ್ಚುಕಡಿಮೆ ಒಂದೇ ಆಗಿರುವಾಗ ಸೆಕೆಂಡಿಗೆ ಹುಟ್ಟುವ ಶಾಖವೂ ಒಂದೇ. ಆದರೆ 6ರ ವೇಗದಲ್ಲಿ ಹತ್ತಲು ಎರಡು ಪಟ್ಟು ಹೊತ್ತು ಬೇಕಾಗುವುದರಿಂದ ಒಟ್ಟು ಶಾಖ ಎರಡು ಪಟ್ಟಾಗುತ್ತದೆ. ಬೇರೆ ಮಾತಿನಲ್ಲಿ, ಮೋಟಾರನ್ನು ಉಸಿರುಗಟ್ಟಿಸಿ ಏದುಸಿರಿನಲ್ಲಿ ಹತ್ತಿಸುವುದೇ ಅದಕ್ಕೆ ಹೆಚ್ಚು ಅಪಾಯ. ಇದಕ್ಕೆ ಪರಿಹಾರ ಸವಾರನ ಕಾಲಿನಲ್ಲಿದೆ. ಬೇಕಾದ ಬಲದಲ್ಲಿ ಶೇ. 30ರಷ್ಟನ್ನು ನಾವು ತುಳಿದು ಕೊಟ್ಟರೆ ಮೋಟಾರಿನ ಕರೆಂಟು 0.7 ಪಟ್ಟಾಗುತ್ತದೆ, ಶಾಖ ಅದರ ವರ್ಗ, ಅಂದರೆ 0.49 ಪಟ್ಟು, ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ದುಡಿಮೆಗೆ ಸಿಗುವ ಈ ಪ್ರತಿಫಲ ದೊಡ್ಡದು.

ಮೋಟಾರನ್ನು ಓಡಿಸುವ ಕಂಟ್ರೋಲರ್ ಎಂಬ ಅಲ್ಯೂಮಿನಿಯಂ ಡಬ್ಬಿಯ ಕೆಲಸ, ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟಾರಿನ ಮೂರು ಸುರುಳಿಗಳಿಗೆ ಸರದಿಯ ಪ್ರಕಾರ ಹಂಚುವುದು. ಬಿಎಲ್‌ಡಿಸಿ (ಬ್ರಶ್‌ಲೆಸ್ ಡಿಸಿ) ಎನ್ನುವ ಈ ಮೋಟಾರುಗಳಲ್ಲಿ ಇಂಗಾಲದ ಬ್ರಶ್ಶುಗಳಿಲ್ಲ. ಅಯಸ್ಕಾಂತಗಳು ಈಗ ಯಾವ ಸ್ಥಾನದಲ್ಲಿವೆ ಎಂಬುದನ್ನು ಹಾಲ್ ಸೆನ್ಸರುಗಳೆಂಬ ಮೂರು ಚಿಕ್ಕ ಬಿಡಿಭಾಗಗಳು ಕಂಟ್ರೋಲರಿಗೆ ತಿಳಿಸುತ್ತವೆ. ಆದ್ದರಿಂದ ಮೋಟಾರಿನಿಂದ ಮೂರು ದಪ್ಪ ತಂತಿಗಳೂ ಐದು ಸಪುರ ತಂತಿಗಳೂ ಹೊರಬರುತ್ತವೆ. ಬಣ್ಣಕ್ಕೆ ಬಣ್ಣ ಕೂಡಿಸಿದರೆ ಹೆಚ್ಚಿನ ಸಲ ಮೋಟಾರು ಸರಿಯಾಗಿ ತಿರುಗುತ್ತದೆ. ಗುರುಗುಟ್ಟಿ ನಡುಗಿದರೆ ಬಣ್ಣಗಳ ಕ್ರಮ ಹೊಂದಿಲ್ಲವೆಂದು ಅರ್ಥ. ಹಾಲ್ ತಂತಿಗಳನ್ನು ಹಾಗೆಯೇ ಬಿಟ್ಟು ದಪ್ಪ ತಂತಿಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು, ಅವುಗಳಲ್ಲಿ ಒಂದೇ ಸರಿಯಾದದ್ದು. ಆ ಸರಿಯಾದ ಜೋಡಣೆಯಲ್ಲಿ ಚಕ್ರ ಹಿಮ್ಮುಖವಾಗಿ ತಿರುಗಿದರೆ, ಹಾಲ್ ಸೆನ್ಸರುಗಳ ಮೂರು ಸಂಕೇತ ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿ ಮತ್ತೆ ಆರು ಬಗೆಗಳನ್ನು ನೋಡಬೇಕು. ಈ ಪರೀಕ್ಷೆಯನ್ನು ಚಕ್ರವನ್ನು ನೆಲದಿಂದ ಎತ್ತಿ ಕಟ್ಟಿ, ಆಕ್ಸಿಲರೇಟರನ್ನು ತುಸುವೇ ತಿರುಗಿಸಿ, ಪ್ರತಿ ಸಲವೂ ಬ್ಯಾಟರಿಯ ಸಂಪರ್ಕ ತೆಗೆದು ಮಾಡಬೇಕು. 36 ವೋಲ್ಟ್, 15 ಆಂಪಿಯರ್ ಕಂಟ್ರೋಲರು ಇಂತಹ ಮೋಟಾರಿಗೆ ಸಾಕು. ಅದಕ್ಕಿಂತ ದೊಡ್ಡದು ಮೋಟಾರಿನೊಳಗಿನ ನೈಲಾನ್ ಗಿಯರಿನ ಹಲ್ಲುಗಳನ್ನು ಬೇಗನೆ ತಿನ್ನುತ್ತದೆ.

ಈಗ ಬ್ಯಾಟರಿ. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಇಡೀ ಸೈಕಲ್ಲಿನಲ್ಲಿ ಮನೆಗೆ ಬೆಂಕಿ ಹಚ್ಚಬಲ್ಲ ಭಾಗ ಇದೊಂದೇ. ಮೊದಲು ಎಷ್ಟು ದೊಡ್ಡದು ಬೇಕೆಂಬ ಲೆಕ್ಕ. ಪೇಟೆಗೆ ಹೋಗಿಬರುವ ದಾರಿ 16 ಕಿಲೋಮೀಟರ್, ದಾರಿಯಲ್ಲಿನ ಏರುಗಳೆಲ್ಲ ಸೇರಿ 200 ಮೀಟರ್ ಎತ್ತರ ಎಂದಿಟ್ಟುಕೊಳ್ಳೋಣ. ಸಪಾಟು ಓಟಕ್ಕೆ ಮೋಟಾರಿನ ನಷ್ಟವನ್ನೂ ಸೇರಿಸಿ ಕಿಲೋಮೀಟರಿಗೆ 8 ವಾಟ್-ಅವರ್‌ನಂತೆ ಸುಮಾರು 130 ಬೇಕು. 110 ಕಿಲೋ ಭಾರವನ್ನು 200 ಮೀಟರ್ ಎತ್ತಲು 60 ವಾಟ್-ಅವರ್ ಸಾಕಾದರೂ, ಏರಿನಲ್ಲಿ ಮೋಟಾರಿನ ದಕ್ಷತೆ ಶೇ. 65ರಷ್ಟೇ ಎಂದು ಹಿಡಿದರೆ ಬ್ಯಾಟರಿಯಿಂದ 90ಕ್ಕಿಂತ ಹೆಚ್ಚು ಹೋಗುತ್ತದೆ. ಒಟ್ಟು 220. ಬ್ಯಾಟರಿಯ ಆಯುಷ್ಯದ ದೃಷ್ಟಿಯಿಂದ ಅದರ ಶೇ. 80ನ್ನು ಮಾತ್ರ ಬಳಸುವುದು ಒಳ್ಳೆಯದು. ಹಾಗಾಗಿ 36 ವೋಲ್ಟ್, 10 ಆಂಪಿಯರ್-ಅವರ್, ಅಂದರೆ 360 ವಾಟ್-ಅವರ್ ಬ್ಯಾಟರಿ ಈ ದಾರಿಗೆ ಸರಿಹೊಂದುತ್ತದೆ. ಸವಾರ ತುಳಿದು ಉಳಿಸಿದ್ದು ಕೈಯಲ್ಲಿರುವ ಹೆಚ್ಚುವರಿ. ಇದನ್ನು ಪೂರ್ತಿ ಚಾರ್ಜು ಮಾಡಲು ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿಯ) ಮೀಟರಿನಲ್ಲಿ ಅರ್ಧ ಯೂನಿಟ್ಟೂ ಆಗುವುದಿಲ್ಲ.

ಇಷ್ಟೇ ಶಕ್ತಿಗೆ ಹಳೆಯ ಬಗೆಯ ಸೀಸದ ಬ್ಯಾಟರಿ ಹಾಕಿದರೆ 12 ವೋಲ್ಟಿನ ಮೂರು ಸೇರಿ 12 ಕಿಲೋ ತೂಗುತ್ತವೆ. ಅವುಗಳಲ್ಲಿ ಬರೆದಿರುವ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬೇಗ ಸಾಯುತ್ತವೆ. ಲಿಥಿಯಂ-ಅಯಾನಿನಲ್ಲಿ 18650 ಎಂಬ ಸೆಲ್ಲುಗಳು ಹೆಚ್ಚು ಪ್ರಚಾರದಲ್ಲಿವೆ. ಆ ಸಂಖ್ಯೆಯ ಅರ್ಥ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಒಂದೊಂದು ಸೆಲ್ಲು 3.6 ವೋಲ್ಟ್, ಪೂರ್ತಿ ತುಂಬಿದಾಗ 4.2, ಖಾಲಿಯಾದಾಗ 3ರ ಆಸುಪಾಸು. 2.5 ಆಂಪಿಯರ್-ಅವರಿನ ನಾಲ್ಕು ಸೆಲ್ಲುಗಳನ್ನು ಪಕ್ಕಪಕ್ಕಕ್ಕೆ ಕೂಡಿಸಿದರೆ ಒಂದು ಗುಂಪು, ಅಂತಹ ಹತ್ತು ಗುಂಪುಗಳನ್ನು ಒಂದರ ಹಿಂದೊಂದರಂತೆ ಕೂಡಿಸಿದರೆ 36 ವೋಲ್ಟ್. ಒಟ್ಟು 40 ಸೆಲ್ಲು, ತೂಕ ಎರಡು ಕಿಲೋದೊಳಗೆ. ಹೀಗೆ ಸಾಲಾಗಿ ಕೂಡಿಸಿದಲ್ಲಿಯೇ ತೊಡಕು ಇರುವುದು. ಸಾಲಿನಲ್ಲಿ ನಿಂತು ಮಣ್ಣಿನ ಬುಟ್ಟಿ ದಾಟಿಸುವ ಆಳುಗಳಲ್ಲಿ ಒಬ್ಬನ ಕೈ ಸೋತರೆ ಸಾಲೇ ನಿಲ್ಲುವಂತೆ, ಹತ್ತು ಗುಂಪುಗಳಲ್ಲಿ ಒಂದು ದುರ್ಬಲವಾದರೂ ಇಡೀ ಬ್ಯಾಟರಿ ಅಲ್ಲಿಗೆ ಮುಗಿಯಿತು. ಸೋತ ಗುಂಪನ್ನು ಮತ್ತೂ ಎಳೆದರೆ ಸೆಲ್ಲಿನ ಒಳಗೆ ಸರಿಪಡಿಸಲಾಗದ ಹಾನಿಯಾಗಿ, ಮುಂದಿನ ಚಾರ್ಜಿನ ಹೊತ್ತಿಗೆ ಅದು ಕಾದು ಬೆಂಕಿ ಹಿಡಿಯುವ ಸ್ಥಿತಿಗೂ ಹೋಗಬಹುದು. ಪ್ರತಿ ಗುಂಪಿನ ವೋಲ್ಟೇಜನ್ನೂ ಪ್ರತ್ಯೇಕವಾಗಿ ನೋಡುತ್ತಾ, ಮಿತಿ ಮೀರಿದ ಕೂಡಲೇ ಸಂಪರ್ಕ ಕಡಿಯುವ ಬಿಎಂಎಸ್ ಎಂಬ ಹಲಗೆಯನ್ನು ಯಾವ ಕಾರಣಕ್ಕೂ ಬಿಡಬಾರದೆಂದು ಹೇಳುವುದು ಇದಕ್ಕಾಗಿಯೇ.

ನನ್ನ ಮೊದಲ ಬ್ಯಾಟರಿಯನ್ನು ನಾನು ಹಳೆಯ ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಸೆಲ್ಲುಗಳಿಂದ ಕಟ್ಟಿದ್ದೆ. ಮೀಟರಿನಲ್ಲಿ ಎಲ್ಲವೂ 4 ವೋಲ್ಟಿಗಿಂತ ಮೇಲೆ ತೋರಿಸಿದ್ದವು, ಸಪಾಟಿನಲ್ಲಿ ಸೈಕಲ್ ಚೆನ್ನಾಗಿಯೇ ಓಡಿತು. ಚಡಾವಿನ ನಡುವೆ ಮೂರು ಸಲ ಒಮ್ಮೆಗೇ ನಿಂತುಹೋಯಿತು. ಕೆಳಗೆ ತಂದು ಅಳೆದರೆ ಮತ್ತೆ ಎಲ್ಲವೂ ಸರಿ. ಎರಡು ವಾರ ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಏಳನೆಯ ಗುಂಪಿನ ಸೆಲ್ಲುಗಳ ಒಳತಡೆ ವಯಸ್ಸಿನಿಂದ ಹೆಚ್ಚಾಗಿ, 12 ಆಂಪಿಯರ್ ಎಳೆದಾಗ ಮಾತ್ರ ಅದರ ವೋಲ್ಟೇಜು ಕುಸಿಯುತ್ತಿತ್ತು, ಬಿಎಂಎಸ್ ತನ್ನ ಕರ್ತವ್ಯವನ್ನು ಮಾಡುತ್ತಿತ್ತು. ಭಾರವಿಲ್ಲದಾಗಿನ ವೋಲ್ಟೇಜು ಸೆಲ್ಲಿನ ಆರೋಗ್ಯವನ್ನು ಹೇಳುವುದಿಲ್ಲ ಎಂಬ ಪಾಠವನ್ನು ನಾನು ಹಾಗೆ ಕಲಿತೆ. ಆ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸೈಕಲ್ಲಿನ ಉಳಿದದ್ದನ್ನೆಲ್ಲ ಮನೆಯಲ್ಲಿ ಕಟ್ಟಬಹುದು, ಬ್ಯಾಟರಿಯನ್ನು ಮಾತ್ರ ಹೊಸ, ಒಂದೇ ತಯಾರಿಕೆಯ ಸೆಲ್ಲುಗಳಿಂದ, ಸ್ಪಾಟ್ ವೆಲ್ಡಿಂಗ್ ಯಂತ್ರವಿರುವ ಅನುಭವಸ್ಥರ ಕೈಯಲ್ಲಿ ಮಾಡಿಸಿಕೊಳ್ಳಬೇಕು. ಸೆಲ್ಲಿನ ತಲೆಗೆ ಸೋಲ್ಡರಿಂಗ್ ಕಬ್ಬಿಣ ಒತ್ತಿದರೆ ಆ ಶಾಖ ಒಳಗಿನ ತೆಳುವಾದ ಪದರವನ್ನು ಕೆಡಿಸುತ್ತದೆ. ತೂಕ ತುಸು ಹೆಚ್ಚಾದರೂ ಚಿಂತೆಯಿಲ್ಲ ಎನ್ನುವವರು ಲಿಥಿಯಂ ಐರನ್ ಫಾಸ್ಫೇಟ್ ಬಗೆಯನ್ನು ಆರಿಸಿಕೊಳ್ಳಲಿ. ಅದರ ಸೆಲ್ಲು 3.2 ವೋಲ್ಟಿನದ್ದಾದ್ದರಿಂದ ಹತ್ತರ ಬದಲು ಹನ್ನೆರಡು ಗುಂಪು ಬೇಕು, ಆದರೆ ಅದು ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ, ಹೆಚ್ಚು ವರ್ಷ ಬಾಳುತ್ತದೆ. ಸೆಖೆಯ ನಮ್ಮ ಊರಿಗೆ ನಾನು ಇದನ್ನೇ ಮೆಚ್ಚುತ್ತೇನೆ. ಎರಡಕ್ಕೂ ಚಾರ್ಜರ್ ಬೇರೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು.

ಚಾರ್ಜಿಗಿಡುವ ಜಾಗ ಸಿಮೆಂಟಿನ ನೆಲವಾಗಿರಲಿ. ಸೋಗೆ, ಹಾಳೆ, ಒಣ ತೆಂಗಿನಗರಿ ಪೇರಿಸಿಟ್ಟ ಕೊಟ್ಟಿಗೆಯೂ ಬೇಡ, ಮಲಗುವ ಕೋಣೆಯೂ ಬೇಡ. 2 ಆಂಪಿಯರ್ ಚಾರ್ಜರಿನಲ್ಲಿ ಪೂರ್ತಿ ತುಂಬಲು ಐದು ಗಂಟೆಗೂ ಹೆಚ್ಚು ಹೊತ್ತು ಬೇಕು. ಎಚ್ಚರವಿರುವ ಹಗಲಿನಲ್ಲಿಯೇ ಇಡುವುದು ಮೇಲು. ಮಳೆಗಾಲದ ಹಿಂದೆಮುಂದೆ ಸಂಜೆಯ ಹೊತ್ತು ಗುಡುಗು-ಸಿಡಿಲು ಇಲ್ಲಿ ಮಾಮೂಲು. ದೂರದ ಮೊದಲ ಗುಡುಗು ಕೇಳಿದಾಗಲೇ ಪ್ಲಗ್ಗನ್ನು ಕಿತ್ತಿಡುವ ರೂಢಿ ಟಿವಿಗೆ ಹೇಗೋ ಇದಕ್ಕೂ ಹಾಗೆಯೇ ಇರಬೇಕು.

ಚೌಕಟ್ಟಿನ ವಿಷಯದಲ್ಲಿ ಹಳೆಯದೆಲ್ಲ ಕೆಟ್ಟದ್ದಲ್ಲ. ಉಕ್ಕಿನ ಹಳೆಯ ಸೈಕಲ್ಲು ಅಲ್ಯೂಮಿನಿಯಂಗಿಂತ ಭಾರವಾದರೂ ಮೋಟಾರಿನ ತಿರುಚುಬಲವನ್ನು ಚೆನ್ನಾಗಿ ತಾಳುತ್ತದೆ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ತನ್ನ ಆಕ್ಸಲನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಿರುಚುತ್ತದೆ. ಶೇ. 8ರ ಚಡಾವಿನಲ್ಲಿ ಇದು 20ರಿಂದ 30 ನ್ಯೂಟನ್-ಮೀಟರಿನಷ್ಟಾಗುತ್ತದೆ. ನಟ್ಟು ಸ್ವಲ್ಪ ಸಡಿಲವಾದರೂ ಆಕ್ಸಲು ಚೌಕಟ್ಟಿನಲ್ಲಿ ತಾನು ಕೂತ ಕಂಡಿಯೊಳಗೆ ತಿರುಗಿ, ತಂತಿಗಳನ್ನೆಲ್ಲ ಸುತ್ತಿ ಕಡಿದು, ಚಕ್ರವನ್ನೇ ಹೊರಗೆ ಹಾಕಬಹುದು. ಇದನ್ನು ತಡೆಯುವುದು ಟಾರ್ಕ್ ಆರ್ಮ್ ಎಂಬ ಸಣ್ಣ ಉಕ್ಕಿನ ಪಟ್ಟಿ. 5 ಅಥವಾ 6 ಮಿಲಿಮೀಟರ್ ದಪ್ಪದ ತಗಡಿನಲ್ಲಿ ಆಕ್ಸಲಿನ ಚಪ್ಪಟೆ ಮುಖಕ್ಕೆ ಬಿಗಿಯಾಗಿ ಕೂರುವ ಕಂಡಿ ಕೊರೆಸಿ, ಇನ್ನೊಂದು ತುದಿಯನ್ನು ಚೌಕಟ್ಟಿನ ಕೊಳವೆಗೆ ಕ್ಲಿಪ್ಪಿನಿಂದ ಬಿಗಿಯಬೇಕು. ಯಾವ ಲೇತ್ ಅಂಗಡಿಯವರೂ ಇದನ್ನು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ, ಆದರೆ ಕಂಡಿಯಲ್ಲಿ ಕೂದಲೆಳೆಯಷ್ಟು ಜಾಗವೂ ಉಳಿಯದಂತೆ ಅರದಿಂದ ಉಜ್ಜಿ ಹೊಂದಿಸುವುದನ್ನು ನಾವೇ ತಾಳ್ಮೆಯಿಂದ ಮಾಡಬೇಕು.

ಬ್ರೇಕಿನ ಕುರಿತು ರಾಜಿಯೇ ಇಲ್ಲ. ಹತ್ತಿದ್ದನ್ನು ಇಳಿಯಲೇಬೇಕು. 110 ಕಿಲೋ ಭಾರ 50 ಮೀಟರ್ ಎತ್ತರದಿಂದ ಇಳಿಯುವಾಗ 54 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ, ಅದರ ಬಹುಪಾಲನ್ನು ಬ್ರೇಕು ಶಾಖವಾಗಿ ನುಂಗಬೇಕು. ಗಿಯರುಳ್ಳ ಹಬ್ಬಿನೊಳಗೆ ಫ್ರೀವೀಲಿನಂತಹ ಕ್ಲಚ್ ಇರುವುದರಿಂದ ಇಳಿಯುವಾಗ ಮೋಟಾರು ತಡೆಯೊಡ್ಡುವುದೂ ಇಲ್ಲ, ಬ್ಯಾಟರಿಯನ್ನು ತುಂಬಿಸುವುದೂ ಇಲ್ಲ. ಹಳೆಯ ಸೈಕಲ್ಲಿನ ಕಡ್ಡಿ ಬ್ರೇಕು ಒದ್ದೆಯಾದ ಹೊಳಪಿನ ರಿಮ್ಮಿನ ಮೇಲೆ ಜಾರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಅದನ್ನು ನಂಬಿ ಮೋಟಾರು ಕೂರಿಸಿದ ಸೈಕಲ್ಲಿನ ವೇಗದಲ್ಲಿ ಇಳಿಯುವುದು ಪ್ರಾಣಕ್ಕೆ ಸಂಚಕಾರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಒಳ್ಳೆಯ ಬ್ರೇಕು ಹಿಡಿದರೆ ಸುಮಾರು 6 ಮೀಟರಿನಲ್ಲಿ ನಿಲ್ಲಬಹುದಾದಲ್ಲಿ, ಅರ್ಧ ಹಿಡಿತದ ಬ್ರೇಕಿಗೆ 12 ಮೀಟರ್ ಬೇಕು. ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕು ಕೂರಿಸಲು ಬರುವ ಚೌಕಟ್ಟನ್ನೇ ಹುಡುಕಬೇಕು. ಬ್ರೇಕಿನ ಹಿಡಿಯಲ್ಲಿ ಮೋಟಾರನ್ನು ತಕ್ಷಣ ನಿಲ್ಲಿಸುವ ಸ್ವಿಚ್ಚೂ ಇರಲಿ.

ಮಳೆಯಿಂದ ಕಾಪಾಡುವ ಉಪಾಯ ದುಬಾರಿಯದಲ್ಲ. ತಂತಿಯ ಮೇಲೆ ಬಿದ್ದ ನೀರು ತಂತಿಯನ್ನೇ ಹಿಡಿದು ಹರಿದು ಡಬ್ಬಿಯೊಳಗೆ ಹೋಗುತ್ತದೆ. ಆದ್ದರಿಂದ ಪ್ರತಿ ತಂತಿಯೂ ಡಬ್ಬಿಗೆ ಅಥವಾ ಆಕ್ಸಲಿಗೆ ಸೇರುವ ಮೊದಲು ಒಮ್ಮೆ ಕೆಳಗೆ ಜೋತು ಆಮೇಲೆ ಮೇಲೇರಬೇಕು; ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ. ಕಂಟ್ರೋಲರನ್ನು ಅದರ ತಂತಿಗಳು ಕೆಳಮುಖವಾಗಿರುವಂತೆ ನಿಲ್ಲಿಸಬೇಕು. ಹೊಳೆ ದಾಟುವಾಗ ಹಬ್ಬು ಮುಳುಗುವಷ್ಟು ನೀರಿದ್ದರೆ ಸೈಕಲ್ಲನ್ನು ಎತ್ತಿ ದಾಟಿಸುವುದೇ ಸರಿ. ಬ್ಯಾಟರಿಯ ಬಾಯಿಯಲ್ಲೇ 20 ಆಂಪಿಯರಿನ ಫ್ಯೂಸು, ದಪ್ಪ ತಂತಿಗಳಿಗೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರ, ಕಡಲ ಹತ್ತಿರದವರಾದರೆ ಉಪ್ಪುಗಾಳಿಗೆ ಜೋಡಣೆಗಳು ಹಸಿರುಗಟ್ಟದಂತೆ ತೆಳುವಾಗಿ ವ್ಯಾಸಲಿನ್, ಇವನ್ನು ಮರೆಯಬಾರದು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಕೆಲಸ ಆರಂಭಿಸುವ ಮೊದಲೇ ತಿಳಿದಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ವ್ಯಾಖ್ಯೆಯ ಪ್ರಕಾರ, ಮೋಟಾರಿನ ‘ಮೂವತ್ತು ನಿಮಿಷದ ಶಕ್ತಿ’ (ಅಷ್ಟು ಹೊತ್ತು ಸತತವಾಗಿ ಕೊಡಬಲ್ಲ ಶಕ್ತಿ) 0.25 ಕಿಲೋವಾಟಿಗಿಂತ ಕಡಿಮೆಯಿದ್ದು ವೇಗ ಗಂಟೆಗೆ 25 ಕಿಲೋಮೀಟರಿನ ಒಳಗಿರುವ ಬ್ಯಾಟರಿ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಪೆಡಲಿಗೆ ನೆರವಾಗುವ ಸೈಕಲ್ಲಾದರೆ ಆ ವೇಗ ಮುಟ್ಟುವ ಹೊತ್ತಿಗೆ ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದಾಗ ಮೋಟಾರು ತಾನಾಗಿ ನಿಲ್ಲಬೇಕು, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಆದರೆ ಈ ವಿನಾಯಿತಿಗೆ ಅಧಿಕೃತ ಪರೀಕ್ಷಾ ಸಂಸ್ಥೆಯ ಪ್ರಮಾಣೀಕರಣದ ಷರತ್ತೂ ಇದೆ. ಮನೆಯಲ್ಲಿ ಕಟ್ಟಿದ್ದಕ್ಕೆ ಅದು ಇರುವುದಿಲ್ಲ. ಹಾಗಾಗಿ ಸಾರ್ವಜನಿಕ ರಸ್ತೆಗೆ ಇಳಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಸರಿಯಾದ ಮಾರ್ಗ. ಸ್ವಂತ ತೋಟದ ದಾರಿಯಲ್ಲಿ ಕಾಯಿ, ಗೊಬ್ಬರ ಸಾಗಿಸುವವರಿಗೆ ಈ ತೊಡಕಿಲ್ಲ.

ಎಲ್ಲ ಕೂಡಿಸಿದ ಮೇಲೆ ಮೊದಲ ಪರೀಕ್ಷೆಯನ್ನು ಸಪಾಟು ಅಂಗಳದಲ್ಲಿ, ಸಾಮಾನಿಲ್ಲದೆ ಮಾಡಿ, ಎರಡು ಕಿಲೋಮೀಟರ್ ಓಡಿಸಿ ಆಕ್ಸಲಿನ ನಟ್ಟನ್ನೂ ಸ್ಪೋಕುಗಳನ್ನೂ ಮತ್ತೆ ಬಿಗಿಮಾಡಬೇಕು. ಆಮೇಲೆ ಪೈಪು ಹಿಡಿದು ಅಳೆದ ಅದೇ ಚಡಾವು. ಪೆಡಲ್ ತುಳಿಯುತ್ತಲೇ ಮೇಲೆ ಮುಟ್ಟಿ, ಇಳಿದು, ಹಬ್ಬಿನ ಹೊರಮೈಗೆ ಬೆರಳು ತಾಗಿಸಿ ನೋಡಿ, ಸುಡದಿದ್ದರೆ ಅಂಗೈ ಇಡಬೇಕು. ಐದು ಸೆಕೆಂಡು ನೆಮ್ಮದಿಯಿಂದ ಇಡಲು ಬಂದರೆ ಲೆಕ್ಕ ಸರಿಯಾಗಿದೆ. ಕೈಯನ್ನು ಕೂಡಲೇ ತೆಗೆಯಬೇಕಾಗಿ ಬಂದರೆ ಒಳಗಿನ ಸುರುಳಿ ಅದಕ್ಕಿಂತಲೂ ಬಹಳ ಬಿಸಿಯಾಗಿದೆ ಎಂದು ತಿಳಿದು, ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ, ಮುಂದಿನ ಸಲ ಗೊಬ್ಬರದ ಗೋಣಿಯನ್ನು ಎರಡು ಪಾಲು ಮಾಡಿ ಎರಡು ಸಲಕ್ಕೆ ಹತ್ತಿಸಬೇಕು.